ಲಿವರ್‌ಪೂಲಲ್ಲಿ ಒಂದು ಕಿಲೋಮೀಟರೂ ಇಲ್ಲದ ಪಾದಯಾತ್ರೆ

ಲಿವರ್‌ಪೂಲ್ ಅಂದ್ರೆ ನಮ್ಮಲ್ಲಿ ಅರ್ಧ ಜನಕ್ಕೆ ಫುಟ್‌ಬಾಲ್ ನೆನಪಾಗುತ್ತೆ, ಉಳಿದರ್ಧಕ್ಕೆ ಬೀಟಲ್ಸ್. ಹೋಪ್ ಸ್ಟ್ರೀಟ್ ಅನ್ನೋ ಹೆಸರು ಯಾರ ಬಾಯಲ್ಲೂ ಬರಲ್ಲ. ಒಂದ್ಸಲ ಮ್ಯಾಪ್ ತೆಗೆದು ನೋಡಿ, ಊರಿನ ದಿಣ್ಣೆ ಮೇಲೆ ಹಗ್ಗ ಎಳೆದು ಕಟ್ಟಿದ ಹಾಗೆ ನೇರವಾಗಿ ಒಂದು ಬೀದಿ ಇದೆ, ಅದರ ಈ ಕಡೆ ಆಂಗ್ಲಿಕನ್ನರ ಕೆಥೆಡ್ರಲ್ (ಅಂದ್ರೆ ಬಿಷಪ್ಪರ ಮುಖ್ಯ ಚರ್ಚು), ಆ ಕಡೆ ರೋಮನ್ ಕ್ಯಾಥೊಲಿಕರ ಕೆಥೆಡ್ರಲ್, ಮಧ್ಯದಲ್ಲಿ ಸಂಗೀತದ ಹಾಲು, ನಾಟಕದ ಥಿಯೇಟರು, ಪಬ್ಬು, ಹೋಟೆಲು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೆಂತೆಕೋಸ್ತ್ ಅನ್ನೋ ಹಬ್ಬದ ಭಾನುವಾರ ಎಲ್ಲಾ ಪಂಗಡದ ಕ್ರೈಸ್ತರೂ ಒಂದು ಕೆಥೆಡ್ರಲ್‌ನಲ್ಲಿ ಸೇರಿ ಪ್ರಾರ್ಥನೆ ಶುರು ಮಾಡಿ, ಅರ್ಧಕ್ಕೆ ಎದ್ದು, ಬೀದಿಗಿಳಿದು ನಡ್ಕೊಂಡು ಹೋಗಿ, ಇನ್ನೊಂದು ಕೆಥೆಡ್ರಲ್‌ನಲ್ಲಿ ಆ ಪ್ರಾರ್ಥನೆ ಮುಗಿಸ್ತಾರೆ. ಅಷ್ಟೇ. ದೂರ ಒಂದು ಕಿಲೋಮೀಟರಿಗಿಂತ ಕಡಿಮೆ. ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಕಾಲು ಬೊಬ್ಬೆ ಬರೋ ತನಕ ನಡೆಯೋ ನಮ್ಮ ಜನಕ್ಕೆ ಇದನ್ನ ಪಾದಯಾತ್ರೆ ಅಂದ್ರೆ ನಗು ಬರಬಹುದು, ತರಕಾರಿ ತರೋಕೆ ಇದಕ್ಕಿಂತ ಜಾಸ್ತಿ ನಡೀತೀವಪ್ಪಾ ಅಂತ.

ಆದ್ರೆ ಈ ಊರಲ್ಲಿ ಆ ಒಂದು ಕಿಲೋಮೀಟರ್ ದಾಟೋಕೆ ನೂರೈವತ್ತು ವರ್ಷ ಹಿಡೀತು. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಎರಡು ವಿಷಯ ಗೊತ್ತಿರಬೇಕು, ಒಂದು ಜಗಳದ ಕಥೆ, ಇನ್ನೊಂದು ಊಟದ ಕಥೆ. ಊಟದ್ದು ಕೊನೇಲಿ ಹೇಳ್ತೀನಿ, ನಿಜವಾದ ಸಿಕ್ಕು ಇರೋದು ಅಲ್ಲೇ.

ಮೊದಲು ಯಾರು ಯಾರು ಅಂತ. ಕ್ಯಾಥೊಲಿಕರು ರೋಮಿನ ಪೋಪ್‌ ಅವರನ್ನ ಗುರು ಅಂತ ಒಪ್ಪಿದೋರು. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಪೋಪ್ ಜೊತೆ ಸಂಬಂಧ ಕಡ್ಕೊಂಡಮೇಲೆ ಅಲ್ಲಿ ಸರ್ಕಾರದ್ದೇ ಒಂದು ಚರ್ಚ್ ಆಯ್ತು, ಅದು ಚರ್ಚ್ ಆಫ್ ಇಂಗ್ಲೆಂಡ್, ಅವರೇ ಆಂಗ್ಲಿಕನ್ನರು. ಅದನ್ನೂ ಒಪ್ಪದೆ ಹೊರಗೆ ನಿಂತ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಥರದವರಿಗೆ ಒಟ್ಟಾಗಿ ಫ್ರೀ ಚರ್ಚ್‌ನೋರು ಅಂತಾರೆ. ಈ ಎರಡನೇ ಮೂರನೇ ಗುಂಪುಗಳೆಲ್ಲಾ ಸೇರಿ ಪ್ರಾಟೆಸ್ಟೆಂಟರು. ನಮ್ಮೂರ ಲೆಕ್ಕದಲ್ಲಿ ಹೇಳೋದಾದ್ರೆ ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚ್ ಇದೆಯಲ್ಲ, ಅದು ಈ ಎರಡನೇ ಮತ್ತು ಮೂರನೇ ಗುಂಪಿನವರು 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಒಟ್ಟಾಗಿ ಮಾಡಿಕೊಂಡ ಸಂಸಾರ. ಅಂದ್ರೆ ಇಂಗ್ಲೆಂಡಲ್ಲಿ ಇವತ್ತಿಗೂ ಬೇರೆ ಬೇರೆ ಇರೋ ಆಂಗ್ಲಿಕನ್ನರು ಮೆಥಡಿಸ್ಟರು ನಮ್ಮಲ್ಲಿ ಯಾವತ್ತೋ ಒಂದಾಗಿಬಿಟ್ಟಿದ್ದಾರೆ, ಆಗ ಇಂಗ್ಲೆಂಡಿನ ಕೆಲವು ಆಂಗ್ಲಿಕನ್ನರು ಅದಕ್ಕೆ ಮೂಗು ಮುರಿದಿದ್ರು ಅನ್ನೋದು ಬೇರೆ ಮಾತು. ಕ್ಯಾಥೊಲಿಕರು ಮಾತ್ರ ಎರಡೂ ಕಡೆ ಬೇರೇನೇ.

ಇನ್ನು ಜಗಳ. ಲಿವರ್‌ಪೂಲ್ ಬಂದರು ಊರು, ಸಮುದ್ರದ ಆಚೆ ಐರ್ಲೆಂಡ್. 1840ರ ದಶಕದಲ್ಲಿ ಐರ್ಲೆಂಡಲ್ಲಿ ಆಲೂಗಡ್ಡೆಗೆ ರೋಗ ಬಂದು ಬರಗಾಲ ಬಿತ್ತು, 1847 ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನ ಹಡಗು ಹತ್ತಿ ಈ ಊರಿಗೆ ಬಂದಿಳಿದ್ರು. ತುಂಬಾ ಜನ ಅಲ್ಲಿಂದ ಅಮೆರಿಕಾಗೆ ಹೋದ್ರು, ಟಿಕೆಟಿಗೆ ಕಾಸಿಲ್ಲದೋರು ಅಲ್ಲೇ ಉಳ್ಕೊಂಡ್ರು. 1851ರ ಜನಗಣತಿ ಪ್ರಕಾರ ಊರಿನ ನೂರು ಜನರಲ್ಲಿ ಸುಮಾರು 22 ಜನ ಐರ್ಲೆಂಡಲ್ಲಿ ಹುಟ್ಟಿದೋರು, ಅವರಲ್ಲಿ ಹೆಚ್ಚಿನೋರು ಕ್ಯಾಥೊಲಿಕರು, ಕಡುಬಡವರು, ನೆಲಮಾಳಿಗೆಗಳಲ್ಲಿ ಕುರಿ ತುಂಬಿದ ಹಾಗೆ ಇದ್ದೋರು. ಟೈಫಸ್ ಜ್ವರ ಬಂತು. ರೋಗಿಗಳ ಹತ್ರ ಹೋಗಿ ಕೊನೇ ಪ್ರಾರ್ಥನೆ ಮಾಡ್ತಿದ್ದ 10 ಜನ ಕ್ಯಾಥೊಲಿಕ್ ಪಾದ್ರಿಗಳು ಅದೇ ಜ್ವರಕ್ಕೆ ಸತ್ತರು, ಸೇಂಟ್ ಪ್ಯಾಟ್ರಿಕ್ಸ್ ಚರ್ಚಿನ ಹೊರಗೆ ಅವರ ನೆನಪಿಗೆ ಕಲ್ಲಿನ ಶಿಲುಬೆ ಇದೆ. ಅದೇ ವರ್ಷ ಅದೇ ಜ್ವರಕ್ಕೆ ಕ್ಯಾಥೊಲಿಕ್ ಅಲ್ಲದ ಯುನಿಟೇರಿಯನ್ ಪಂಗಡದ ಜಾನ್ ಜಾನ್ಸ್ ಅನ್ನೋ ಪಾದ್ರಿನೂ ಬಡವರ ಮನೆ ಮನೆ ಸುತ್ತಿ ಪ್ರಾಣ ಬಿಟ್ರು. ಹಾಗಂತ ಎಲ್ಲರೂ ಒಂದಾದ್ರು ಅಂದ್ಕೋಬೇಡಿ, ಆಗಿದ್ದು ಅದರ ಉಲ್ಟಾ. ಕೂಲಿ ಕಿತ್ಕೊಂಡ್ರು, ರೋಗ ತಂದ್ರು, ಪೋಪ್‌ಗೆ ನಿಷ್ಠೆ ಇರೋರು ನಮ್ಮ ರಾಣಿಗೆ ಹೇಗೆ ನಿಷ್ಠರಾಗಿರ್ತಾರೆ ಅಂತ ಸ್ಥಳೀಯ ಪ್ರಾಟೆಸ್ಟೆಂಟರ ಸಿಟ್ಟು ನೆತ್ತಿಗೇರಿತು. ವಲಸೆ ಬಂದೋರ ಬಗ್ಗೆ ಎಲ್ಲಾ ಊರಲ್ಲೂ ಕೇಳೋ ಮಾತೇ ಇದು, ಇಲ್ಲಿ ಅದಕ್ಕೆ ದೇವರ ಹೆಸರೂ ಅಂಟ್ಕೊಳ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಊರಲ್ಲಿ ಜಗಳ ಆಡೋ ವಿಧಾನಾನೇ ಮೆರವಣಿಗೆ. ಆರೆಂಜ್ ಲಾಡ್ಜ್ ಅಂತ ಪ್ರಾಟೆಸ್ಟೆಂಟರ ಸಂಘ ಇದೆ, 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿ ಹತ್ರ ಪ್ರಾಟೆಸ್ಟೆಂಟ್ ರಾಜ ವಿಲಿಯಮ್ಮು ಕ್ಯಾಥೊಲಿಕ್ ರಾಜ ಜೇಮ್ಸ್‌ನ ಸೋಲಿಸಿದ್ದನ್ನ ಪ್ರತಿ ವರ್ಷ ಜುಲೈ 12ಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಹಾಕ್ಕೊಂಡು, ಡೋಲು ಕೊಳಲು ಬಾರಿಸ್ಕೊಂಡು, ಬ್ಯಾನರ್ ಹಿಡ್ಕೊಂಡು ಆಚರಿಸ್ತಾರೆ. ಆ ಕಡೆ ಕ್ಯಾಥೊಲಿಕರು ತಮ್ಮ ಚರ್ಚಿನ ಹಬ್ಬಗಳಿಗೆ ಬೀದಿ ಸಿಂಗರಿಸಿ ಮೆರವಣಿಗೆ ತೆಗೀತಿದ್ರು. ಯಾರ ಮೆರವಣಿಗೆ ಯಾವ ಬೀದೀಲಿ ಹೋಗುತ್ತೆ, ಯಾರ ಮನೆ ಮುಂದೆ ಡೋಲು ಜೋರಾಗುತ್ತೆ ಅನ್ನೋದರ ಮೇಲೆ ಕಲ್ಲು ಹಾರೋದು. ನಮ್ಮವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಯಾವುದೋ ಮೆರವಣಿಗೆ ಯಾವುದೋ ರಸ್ತೇಲಿ ಹೋಗ್ಬೇಕೋ ಬೇಡ್ವೋ ಅಂತ ಪೊಲೀಸರು ಶಾಂತಿ ಸಭೆ ಕರೆಯೋದನ್ನ ನೋಡ್ಕೊಂಡೇ ಬೆಳೆದೋರು ನಾವು.

ಊರಿನ ಉತ್ತರ ಭಾಗದಲ್ಲಿ ಎವರ್ಟನ್ ಗುಡ್ಡ. ಗುಡ್ಡದ ಮೇಲಿನ ನೆದರ್‌ಫೀಲ್ಡ್ ರೋಡು ಆರೆಂಜ್ ಜನರದ್ದು, ಕೆಳಗಿನ ಸ್ಕಾಟ್ಲೆಂಡ್ ರೋಡು ಐರಿಶ್ ಕ್ಯಾಥೊಲಿಕರದ್ದು, ನಡುವೆ ಗ್ರೇಟ್ ಹೋಮರ್ ಸ್ಟ್ರೀಟು ಗಡಿ. ಗೋಡೆ ಇಲ್ಲ, ಮುಳ್ಳುತಂತಿ ಇಲ್ಲ, ಆದ್ರೂ ಹಬ್ಬದ ದಿನ ಯಾರು ಎಲ್ಲಿ ತನಕ ಹೋಗಬಹುದು ಅಂತ ಪುಟ್ಟ ಮಕ್ಕಳಿಗೂ ಗೊತ್ತಿತ್ತು. ಸ್ಕಾಟ್ಲೆಂಡ್ ರೋಡಿನ ಕಡೆಯೋರು 1885ರಿಂದ 1929ರವರೆಗೆ ಟಿ. ಪಿ. ಓ'ಕಾನರ್ ಅನ್ನೋ ಐರಿಶ್ ರಾಷ್ಟ್ರವಾದಿನ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಕಳಿಸ್ತಾನೇ ಇದ್ರು. ಗುಡ್ಡದ ಮೇಲಿನೋರು ಪ್ರಾಟೆಸ್ಟೆಂಟ್ ಪಾರ್ಟಿ ಅಂತಾನೇ ಒಂದು ಪಕ್ಷ ಇಟ್ಕೊಂಡು 1970ರ ದಶಕದ ಶುರುವಿನವರೆಗೂ ಕೌನ್ಸಿಲರ್‌ಗಳನ್ನ ಗೆಲ್ಲಿಸ್ತಿದ್ರು, ಆ ಪಕ್ಷದ ನಾಯಕ ಪಾಸ್ಟರ್ ಲಾಂಗ್‌ಬಾಟಮ್ 1950ರಲ್ಲಿ ಊರಿನ ಲಾರ್ಡ್ ಮೇಯರೇ ಆದ್ರು.

ಎಲ್ಲಕ್ಕಿಂತ ಕೆಟ್ಟ ವರ್ಷ 1909. ಜೂನ್ 20ಕ್ಕೆ ಹೋಲಿ ಕ್ರಾಸ್ ಅನ್ನೋ ಕ್ಯಾಥೊಲಿಕ್ ಚರ್ಚಿನೋರು ತಮ್ಮ ಜುಬಿಲಿಗೆ ಮೆರವಣಿಗೆ ತೆಗೆದ್ರು, ಆರೆಂಜ್ ಕಡೆಯವರು ಅಡ್ಡ ಬಂದ್ರು, ಶುರುವಾಗಿದ್ದು ವಾರಗಟ್ಲೆ ನಿಲ್ಲಲಿಲ್ಲ. ಎರಡೂ ಕಡೆಯವರು ಬೆರೆತು ಬಾಳ್ತಿದ್ದ ಬೀದಿಗಳಿಂದ ಜನ ಸಾಮಾನು ಸರಂಜಾಮು ತಗೊಂಡು ತಮ್ಮೋರ ಬೀದಿಗೆ ಓಡಿಹೋದ್ರು. ಪೊಲೀಸರು ಹೇಗೆ ನಡ್ಕೊಂಡ್ರು ಅಂತ ವಿಚಾರಣೆ ಮಾಡೋಕೆ ಪಾರ್ಲಿಮೆಂಟು ಅದೇ ವರ್ಷ ಬೇರೇನೇ ಒಂದು ಕಾನೂನು ತರಬೇಕಾಯ್ತು. ಆದ್ರೆ ಎರಡೇ ವರ್ಷಕ್ಕೆ, 1911ರ ಸಾರಿಗೆ ಕೆಲಸಗಾರರ ಮುಷ್ಕರದಲ್ಲಿ, ಆರೆಂಜ್ ಬೀದಿಯೋರು ಕ್ಯಾಥೊಲಿಕ್ ಬೀದಿಯೋರು ಒಂದೇ ಮೆರವಣಿಗೇಲಿ ಒಟ್ಟಿಗೆ ನಡೆದ್ರು, ಹೊಟ್ಟೆಪಾಡಿನ ಪ್ರಶ್ನೆ ಬಂದಾಗ. ಮುಷ್ಕರ ಮುಗೀತು, ಅವರವರ ಬೀದಿಗೆ ಅವರವರು ವಾಪಸ್ ಹೋದ್ರು.

ಮದುವೆ ವಿಷ್ಯ ಇನ್ನೂ ಬಿಗಿ. 1908ರಲ್ಲಿ ರೋಮಿಂದ ಜಾರಿಗೆ ಬಂದ ನಿಯಮದ ಪ್ರಕಾರ ಕ್ಯಾಥೊಲಿಕ್ ಆದೋರು ಕ್ಯಾಥೊಲಿಕ್ ಪಾದ್ರಿ ಮುಂದೆ ಮದುವೆ ಆಗದಿದ್ರೆ ಅದು ಮದುವೇನೇ ಅಲ್ಲ, ಇನ್ನು ಬೇರೆ ಪಂಗಡದವರನ್ನ ಮದುವೆ ಆಗೋಕೆ ಅನುಮತಿ ಬೇಕಂದ್ರೆ ಮಕ್ಕಳನ್ನ ಕ್ಯಾಥೊಲಿಕ್ ಆಗೇ ಬೆಳೆಸ್ತೀವಿ ಅಂತ ಮಾತು ಕೊಡಬೇಕು. ಹುಡುಗ ನೆದರ್‌ಫೀಲ್ಡ್ ರೋಡು ಹುಡುಗಿ ಸ್ಕಾಟ್ಲೆಂಡ್ ರೋಡು ಅಂದ್ರೆ ಎರಡೂ ಮನೇಲಿ ಸೂತಕ. ಬೇರೆ ಜಾತಿ ಮದುವೆ ಆದೋರ ಮನೇಲಿ ನಮ್ಮಲ್ಲಿ ಏನೇನಾಗುತ್ತೋ ಅದೇ, ಬರೀ ಹೆಸರು ಬದಲಾಯಿಸ್ಕೊಳ್ಳಿ.

ಇದೆಲ್ಲಾ ಹಳೇ ಕಾಲ ಅಂತೀರಾ? 1958ರಲ್ಲಿ ಕ್ಯಾಥೊಲಿಕ್ ಆರ್ಚ್‌ಬಿಷಪ್ ಹೀನನ್ ಅವರು ನೆದರ್‌ಫೀಲ್ಡ್ ರೋಡಿನ ಹತ್ರ ಕಾಯಿಲೆ ಬಿದ್ದಿದ್ದ ಒಬ್ಬ ಹೆಂಗಸನ್ನ ನೋಡೋಕೆ ಹೋದಾಗ ಜನ ಕಲ್ಲು ಹೊಡೆದ್ರು. ಮನುಷ್ಯ ಬಂದಿದ್ದು ರೋಗಿನ ನೋಡೋಕೆ.

ಹಾಗಾದ್ರೆ ಇದು ಕರಗಿದ್ದು ಹೇಗೆ? ಈ ಪಾದಯಾತ್ರೆ ಬಗ್ಗೆ ಬರೆಯೋರು ಬಿಷಪ್‌ಗಳು ಕೈ ಕುಲುಕಿದ್ರು ಊರು ಒಂದಾಯ್ತು ಅಂತ ಬರೀತಾರೆ, ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. ಬಿಷಪ್‌ಗಳಿಗಿಂತ ಮೊದಲು ಬುಲ್ಡೋಜರ್ ಬಂತು. ಎರಡನೇ ಮಹಾಯುದ್ಧ ಆದ್ಮೇಲೆ, ಮುಖ್ಯವಾಗಿ 1960ರ ದಶಕದಲ್ಲಿ, ಕೌನ್ಸಿಲ್ಲು ಹಳೇ ಕೊಳೆಗೇರಿಗಳನ್ನ ಕೆಡವಿ ಜನರನ್ನ ಊರಾಚೆ ಕರ್ಕ್ಬಿ, ಸ್ಪೀಕ್, ಸ್ಕೆಲ್ಮರ್ಸ್‌ಡೇಲ್ ಕಡೆ ಕಟ್ಟಿದ ಹೊಸ ಮನೆಗಳಿಗೆ ಕಳಿಸ್ತು. ಅಲ್ಲಿ ಮನೆ ಹಂಚಿದ್ದು ಪಟ್ಟಿ ನೋಡಿ, ಧರ್ಮ ನೋಡಿ ಅಲ್ಲ, ಹಾಗಾಗಿ ಪಕ್ಕದ ಮನೇಲಿ ಯಾರು ಬಂದ್ರೋ ಅವರ ಜೊತೇನೇ ಸಕ್ಕರೆ ಸಾಲ. ಗಡಿ ಬೀದಿಗಳೇ ಇಲ್ಲದ ಮೇಲೆ ಗಡಿ ಕಾಯೋದು ಏನನ್ನ? ಆಮೇಲೆ ಬಂದರಿನ ಕೆಲಸ ಹೋಯ್ತು, ಫ್ಯಾಕ್ಟರಿಗಳು ಮುಚ್ಚಿದ್ವು, 1931ರಲ್ಲಿ 8 ಲಕ್ಷದ 55 ಸಾವಿರ ಇದ್ದ ಜನಸಂಖ್ಯೆ 2001ಕ್ಕೆ 4 ಲಕ್ಷದ 39 ಸಾವಿರಕ್ಕೆ ಇಳೀತು. ಮುಳುಗೋ ದೋಣೀಲಿ ಇರೋರಿಗೆ ನೀನು ಯಾವ ಚರ್ಚು ಅಂತ ಕೇಳೋಕೆ ಪುರುಸೊತ್ತಿರಲ್ಲ.

ಅದೇ ಹೊತ್ತಿಗೆ ರೋಮಲ್ಲೂ ಗಾಳಿ ಬದಲಾಯ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಒಂದು ಆದೇಶ ಹೊರಡಿಸಿ ಬೇರೆ ಪಂಗಡದ ಕ್ರೈಸ್ತರನ್ನ ಸಹೋದರರು ಅಂತ ಕರೀತು, ಅವರ ಜೊತೆ ಪ್ರಾರ್ಥನೆ ಮಾಡಬಹುದು ಅಂತ ಹೇಳ್ತು. ಅಲ್ಲಿ ತನಕ ಪ್ರಾಟೆಸ್ಟೆಂಟ್ ಪೂಜೇಲಿ ಭಾಗವಹಿಸೋದು ಕ್ಯಾಥೊಲಿಕರಿಗೆ ನಿಷಿದ್ಧ, ಸ್ನೇಹಿತನ ಮದುವೆಗೋ ಸಾವಿಗೋ ಹೋದ್ರೂ ಸುಮ್ನೆ ಹಿಂದೆ ಕೂತಿರಬೇಕಿತ್ತು.

ಇನ್ನು ಆ ಎರಡು ಕಟ್ಟಡಗಳ ವಿಷ್ಯ ಹೇಳದೆ ಮುಂದೆ ಹೋಗೋಕಾಗಲ್ಲ, ಯಾಕಂದ್ರೆ ಇದು ನನಗೆ ತುಂಬಾ ಇಷ್ಟದ ಭಾಗ. ಆಂಗ್ಲಿಕನ್ ಕೆಥೆಡ್ರಲ್‌ಗೆ 1904ರಲ್ಲಿ ರಾಜ ಏಳನೇ ಎಡ್ವರ್ಡ್ ಕಲ್ಲಿಟ್ರು, ಮುಗಿದಿದ್ದು 1978ಕ್ಕೆ, 189 ಮೀಟರ್ ಉದ್ದ, ಕೆಂಪು ಕಲ್ಲಿನ ಬೆಟ್ಟದ ಥರ ಕೂತಿದೆ. ಅದನ್ನ ಡಿಸೈನ್ ಮಾಡಿದೋರು ಗೈಲ್ಸ್ ಗಿಲ್ಬರ್ಟ್ ಸ್ಕಾಟ್, ಸ್ಪರ್ಧೆ ಗೆದ್ದಾಗ ಅವರಿಗೆ 22 ವರ್ಷ, ಮತ್ತು ಅವರು ಕ್ಯಾಥೊಲಿಕ್! (ಇಂಗ್ಲೆಂಡಿನ ಆ ಫೇಮಸ್ ಕೆಂಪು ಟೆಲಿಫೋನ್ ಡಬ್ಬಾನೂ ಇವರದ್ದೇ.) ಇತ್ತ ಕ್ಯಾಥೊಲಿಕರು ಅನಾಥರು ಬಡವರು ಇರ್ತಿದ್ದ ಹಳೇ ವರ್ಕ್‌ಹೌಸ್ ಜಾಗ ತಗೊಂಡು, ನಾವೇನು ಕಡಿಮೆ ಅಂತ ರೋಮಿನ ಸೇಂಟ್ ಪೀಟರ್ಸ್‌ಗಿಂತ ದೊಡ್ಡ ಗುಮ್ಮಟ ಕಟ್ಟೋಕೆ ಹೊರಟ್ರು, ಅದಕ್ಕೆ ಕರೆಸಿದ್ದು ಯಾರನ್ನ ಗೊತ್ತಾ, ನಮ್ಮ ರಾಷ್ಟ್ರಪತಿ ಭವನ ಕಟ್ಟಿದ ಎಡ್ವಿನ್ ಲುಟ್ಯೆನ್ಸ್‌ನ, ಅವರು ಆಂಗ್ಲಿಕನ್! 1933ರಲ್ಲಿ ಕಲ್ಲಿಟ್ರು, ಯುದ್ಧ ಬಂತು, ದುಡ್ಡು ಸಾಲದೆ ನೆಲಮಾಳಿಗೆ ಮಾತ್ರ ಆಯ್ತು, ಕೊನೆಗೆ ಫ್ರೆಡೆರಿಕ್ ಗಿಬ್ಬರ್ಡ್ ಅನ್ನೋ ಇನ್ನೊಬ್ಬರು, ಅವರೂ ಕ್ಯಾಥೊಲಿಕ್ ಅಲ್ಲ, 1962ರಲ್ಲಿ ಕೆಲಸ ಶುರುವಾಗಿ ಐದೇ ವರ್ಷಕ್ಕೆ ಕಾಂಕ್ರೀಟಿಂದ ಡೇರೆ ಥರ ದುಂಡಗೆ ಕಟ್ಟಿಕೊಟ್ರು. 1967ರಲ್ಲಿ ಓಪನ್ ಆಯ್ತು. ಐರಿಶರನ್ನ ತಮಾಷೆ ಮಾಡೋ ಹೆಸರು ಪ್ಯಾಡಿ ಅಂತ, ಜನ ಇದಕ್ಕೆ ಪ್ಯಾಡೀಸ್ ವಿಗ್‌ವಾಮ್ ಅಂತ ಅಡ್ಡಹೆಸರು ಇಟ್ರು, ಅಂದ್ರೆ ಪ್ಯಾಡಿಯ ಗುಡಿಸಲು. ಹೀಗೆ ಎಣ್ಣೆ ಸೀಗೆಕಾಯಿ ಥರ ಇದ್ದ ಎರಡೂ ಕಡೆಯವರು ಒಬ್ಬರ ದೇವರ ಮನೆ ಇನ್ನೊಬ್ಬರ ಕೈಲಿ ಕಟ್ಟಿಸ್ಕೊಂಡಿದ್ರು. ಇನ್ನು ಬೀದಿಗೆ ಹೋಪ್ ಅಂತ ಹೆಸರಿಟ್ಟಿದ್ದು ಭರವಸೆ ಅನ್ನೋ ಅರ್ಥಕ್ಕಲ್ಲ, ವಿಲಿಯಂ ಹೋಪ್ ಅಂತ ಒಬ್ಬ ವ್ಯಾಪಾರಿ ಅಲ್ಲಿ ಮನೆ ಕಟ್ಟಿದ್ದ, ಅಷ್ಟೇ. ಭಾಷಣ ಮಾಡೋ ಪಾದ್ರಿಗಳಿಗೆ ಮಾತ್ರ ಆ ಹೆಸರಿಂದ ಪುಕ್ಕಟೆ ಒಂದು ರೂಪಕ ಸಿಕ್ತು.

ಈಗ ಇಬ್ಬರು ಬಿಷಪ್‌ಗಳು. 1975ರಲ್ಲಿ ಆಂಗ್ಲಿಕನ್ ಬಿಷಪ್ ಆಗಿ ಡೇವಿಡ್ ಶೆಪರ್ಡ್ ಬಂದ್ರು. ಕ್ರಿಕೆಟ್ ಹುಚ್ಚರು ಈ ಹೆಸರು ಕೇಳಿರ್ತೀರಾ, ಇಂಗ್ಲೆಂಡ್ ಪರ 22 ಟೆಸ್ಟ್ ಆಡಿದೋರು, ಎರಡು ಟೆಸ್ಟಲ್ಲಿ ಕ್ಯಾಪ್ಟನ್ನು, 1952ರಲ್ಲಿ ಓವಲ್ಲಲ್ಲಿ ನಮ್ಮ ಇಂಡಿಯಾ ಟೀಮಿನ ಮೇಲೆ 119 ಹೊಡೆದೋರು. ವರ್ಣಭೇದ ಮಾಡೋ ದಕ್ಷಿಣ ಆಫ್ರಿಕಾ ವಿರುದ್ಧ ಆಡಲ್ಲ ಅಂತ ಆಗಿನ ಕಾಲಕ್ಕೇ ನಿಂತಿದ್ದೋರು. (ಅಂಪೈರ್ ಡೇವಿಡ್ ಶೆಫರ್ಡ್ ಬೇರೆ, ಕನ್‌ಫ್ಯೂಸ್ ಮಾಡ್ಕೋಬೇಡಿ.) ಮರುವರ್ಷ 1976ರಲ್ಲಿ ಕ್ಯಾಥೊಲಿಕ್ ಆರ್ಚ್‌ಬಿಷಪ್ ಆಗಿ ಡೆರೆಕ್ ವೊರ್ಲಾಕ್ ಬಂದ್ರು, ವ್ಯಾಟಿಕನ್ ಮಹಾಸಭೇಲಿ ಕೂತಿದ್ದೋರು, ಲೆಕ್ಕಾಚಾರದ ಮನುಷ್ಯ. ಇಬ್ಬರ ಸ್ವಭಾವ ಬೇರೆ, ಆದ್ರೆ ಇಬ್ಬರೂ ಫ್ರೀ ಚರ್ಚ್ ನಾಯಕರನ್ನೂ ಸೇರಿಸ್ಕೊಂಡು ಒಂದು ಪದ್ಧತಿ ಮಾಡ್ಕೊಂಡ್ರು, ಬೇರೆಬೇರೆಯಾಗಿ ಮಾಡಲೇಬೇಕಾದ್ದು ಬಿಟ್ಟು ಉಳಿದಿದ್ದೆಲ್ಲಾ ಒಟ್ಟಿಗೆ ಮಾಡೋದು. ಫ್ಯಾಕ್ಟರಿ ಮುಚ್ತಿದೆ ಅಂದ್ರೆ ಇಬ್ಬರೂ ಒಟ್ಟಿಗೆ ಹೋಗಿ ಮ್ಯಾನೇಜ್‌ಮೆಂಟ್ ಹತ್ರ ಮಾತಾಡೋದು, 1981ರ ಜುಲೈನಲ್ಲಿ ಊರಿನ ಟಾಕ್ಸ್‌ಟೆತ್ ಬಡಾವಣೇಲಿ ಕಪ್ಪು ಜನರಿಗೂ ಪೊಲೀಸರಿಗೂ ಗಲಭೆ ಆದಾಗ ಆ ಕಡೆಯ ಜನರ ಮಾತು ಕೇಳೋಕೆ ಒಟ್ಟಿಗೆ ಹೋಗೋದು. ಊರ ಜನ ಇವರಿಗೆ ಫಿಶ್ ಅಂಡ್ ಚಿಪ್ಸ್ ಅಂತ ಹೆಸರಿಟ್ರು, ಯಾಕಂದ್ರೆ ಯಾವಾಗ್ಲೂ ಜೊತೇಗೇ ಇರ್ತಾರೆ ಮತ್ತು ಯಾವಾಗ್ಲೂ ಪೇಪರಲ್ಲೇ ಇರ್ತಾರೆ, ಅಲ್ಲಿ ಮೀನು ಆಲೂಗಡ್ಡೆ ಕರಿದದ್ದನ್ನ ನ್ಯೂಸ್ ಪೇಪರಲ್ಲಿ ಸುತ್ತಿ ಕೊಡ್ತಿದ್ರಲ್ಲ, ಅದಕ್ಕೆ. ನಮ್ಮಲ್ಲಾಗಿದ್ರೆ ಇಡ್ಲಿ ವಡೆ ಅಂತಿದ್ರೇನೋ.

1982ಕ್ಕೆ ಬನ್ನಿ. ಪೋಪ್ ಎರಡನೇ ಜಾನ್ ಪಾಲ್ ಬ್ರಿಟನ್‌ಗೆ ಬರ್ತಾರೆ ಅಂತ ಆಯ್ತು. ಮಾರ್ಚ್‌ನಲ್ಲಿ ಆಂಗ್ಲಿಕನ್ನರ ಮುಖ್ಯಸ್ಥ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಲಿವರ್‌ಪೂಲಿನ ಪ್ಯಾರಿಷ್ ಚರ್ಚಲ್ಲಿ ಮಾತಾಡೋಕೆ ನಿಂತಾಗ, ಪೋಪ್‌ನ ಕರೆಸ್ತೀಯಾ ದ್ರೋಹಿ ಅನ್ನೋ ಅರ್ಥದಲ್ಲಿ ವಿರೋಧಿಗಳು ಕೂಗಾಡಿ ಮಾತಾಡೋಕೇ ಬಿಡಲಿಲ್ಲ. ಆ ಘಟನೆಯಿಂದ ಉಲ್ಟಾ ಪರಿಣಾಮ ಆಯ್ತು ಅಂತ ನನ್ನ ಲೆಕ್ಕ, ಚರ್ಚೊಳಗೆ ಒಬ್ಬ ಪಾದ್ರಿ ಮೇಲೆ ಕಿರುಚಾಡಿದ್ದು ಸಾಮಾನ್ಯ ಪ್ರಾಟೆಸ್ಟೆಂಟರಿಗೇ ನಾಚಿಕೆ ತಂತು. ಮೇ 29ಕ್ಕೆ ಪೋಪ್ ಮತ್ತು ರನ್ಸಿ ಕ್ಯಾಂಟರ್ಬರಿಯಲ್ಲಿ ಅಕ್ಕಪಕ್ಕ ಮಂಡಿಯೂರಿ ಪ್ರಾರ್ಥನೆ ಮಾಡಿದ್ರು. ಮಾರನೇ ದಿನ, ಮೇ 30, ಪೆಂತೆಕೋಸ್ತ್ ಭಾನುವಾರ, ಪೋಪ್ ಲಿವರ್‌ಪೂಲಿಗೆ ಬಂದು ಮೊದಲು ಹೋಗಿದ್ದು ತಮ್ಮ ಕೆಥೆಡ್ರಲ್‌ಗೆ ಅಲ್ಲ, ಆಂಗ್ಲಿಕನ್ ಕೆಥೆಡ್ರಲ್‌ಗೆ. ಒಳಗೆ ಕಾಲಿಟ್ಟಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಹೋಪ್ ಸ್ಟ್ರೀಟ್ ಉದ್ದಕ್ಕೂ ಜನರ ನಡುವೆ ಸಾಗಿ ಕ್ಯಾಥೊಲಿಕ್ ಕೆಥೆಡ್ರಲ್‌ಗೆ ಹೋಗಿ ಪೂಜೆ ಮಾಡಿದ್ರು. ಆ ದಿನ ಆ ಬೀದಿಗೆ ಒಂದು ಹೊಸ ಕೆಲಸ ಸಿಕ್ಕಿಬಿಡ್ತು. ಮೂರು ವರ್ಷ ಬಿಟ್ಟು 1985ರ ಪೆಂತೆಕೋಸ್ತ್‌ಗೆ ಊರಿನ ಚರ್ಚ್‌ಗಳ ನಾಯಕರೆಲ್ಲಾ ಸೇರಿ ಒಟ್ಟಿಗೆ ಕೆಲಸ ಮಾಡ್ತೀವಿ ಅಂತ ಒಪ್ಪಂದಕ್ಕೆ ಸಹಿ ಹಾಕಿದ್ರು.

ಪೆಂತೆಕೋಸ್ತೇ ಯಾಕೆ ಅಂದ್ರೆ, ಅದು ಈಸ್ಟರ್ ಆಗಿ ಐವತ್ತನೇ ದಿನದ ಹಬ್ಬ, ಕನ್ನಡ ಬೈಬಲ್‌ನಲ್ಲಿ ಪಂಚಾಶತ್ತಮ ದಿನ ಅಂತಿದೆ. ಯೇಸುವಿನ ಶಿಷ್ಯರು ಬಾಗಿಲು ಹಾಕ್ಕೊಂಡು ಒಳಗಿದ್ದೋರು ಪವಿತ್ರಾತ್ಮ ಇಳಿದು ಬಂದು ಬೀದಿಗೆ ಬಂದ್ರು, ಬೇರೆ ಬೇರೆ ದೇಶದಿಂದ ಬಂದಿದ್ದ ಜನಕ್ಕೆ ಅವರ ಮಾತು ತಂತಮ್ಮ ಭಾಷೇಲೇ ಕೇಳಿಸ್ತು ಅನ್ನೋ ಕಥೆ. ಎಲ್ಲರೂ ಒಂದೇ ಭಾಷೆ ಮಾತಾಡಲಿಲ್ಲ ನೋಡಿ, ಅವರವರ ಭಾಷೆ ಅವರವರಿಗೇ ಇತ್ತು, ಆದ್ರೂ ಅರ್ಥ ಆಯ್ತು. ಒಂದಾಗದೆ ಒಟ್ಟಿಗೆ ಇರೋಕೆ ಹೊರಟೋರಿಗೆ ಇದಕ್ಕಿಂತ ಒಳ್ಳೇ ಹಬ್ಬ ಸಿಗೋದು ಕಷ್ಟ.

1989ರ ಏಪ್ರಿಲ್ 15ಕ್ಕೆ ಶೆಫೀಲ್ಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರಲ್ಲ, ಕೊನೆಗೆ ಲೆಕ್ಕ 97 ಆಯ್ತು, ಆಗ ಈ ಬೀದಿಯ ಎರಡೂ ತುದಿ ಎಲ್ಲರದ್ದೂ ಆಯ್ತು. ಮರುದಿನವೇ ಕ್ಯಾಥೊಲಿಕ್ ಕೆಥೆಡ್ರಲ್‌ನಲ್ಲಿ ಸತ್ತವರಿಗಾಗಿ ಪೂಜೆ, ಒಳಗೆ ಹಿಡಿಸದಷ್ಟು ಜನ, ಯಾರು ಯಾವ ಪಂಗಡ ಅಂತ ಯಾರೂ ಕೇಳಲಿಲ್ಲ. ಅದೇ ತಿಂಗಳ 29ಕ್ಕೆ ಆಂಗ್ಲಿಕನ್ ಕೆಥೆಡ್ರಲ್‌ನಲ್ಲಿ ಸ್ಮರಣೆ. ನಡುವೆ 22ಕ್ಕೆ ಊರಿನ ಇನ್ನೊಂದು ಫುಟ್‌ಬಾಲ್ ಕ್ಲಬ್ ಎವರ್ಟನ್‌ನ ಆಗಿನ ಮೈದಾನ ಗುಡಿಸನ್ ಪಾರ್ಕಿಂದ ಸ್ಟ್ಯಾನ್ಲಿ ಪಾರ್ಕ್ ದಾಟಿ ಲಿವರ್‌ಪೂಲ್ ಕ್ಲಬ್ಬಿನ ಮೈದಾನ ಆನ್‌ಫೀಲ್ಡ್ ತನಕ ಜನ ಲಿವರ್‌ಪೂಲಿನ ಕೆಂಪು ಎವರ್ಟನ್ನಿನ ನೀಲಿ ಸ್ಕಾರ್ಫ್‌ಗಳನ್ನ ಒಂದಕ್ಕೊಂದು ಗಂಟು ಹಾಕಿ ಒಂದು ಮೈಲಿ ಉದ್ದ ಕಟ್ಟಿದ್ರು. ಅದೂ ಒಂದು ಥರ ಎರಡು ಗುಡಿಗಳ ನಡುವಿನ ಯಾತ್ರೇನೇ. ಅಂದಹಾಗೆ ಎವರ್ಟನ್ ಕ್ಯಾಥೊಲಿಕರ ಟೀಮು ಲಿವರ್‌ಪೂಲ್ ಪ್ರಾಟೆಸ್ಟೆಂಟರ ಟೀಮು ಅಂತ ಕೆಲವರು ಹೇಳ್ತಿರ್ತಾರೆ, ನಂಬಬೇಡಿ, ಎವರ್ಟನ್ ಕ್ಲಬ್ ಹುಟ್ಟಿದ್ದೇ 1878ರಲ್ಲಿ ಒಂದು ಮೆಥಡಿಸ್ಟ್ ಚರ್ಚಿನ ಹುಡುಗರಿಂದ, ಒಂದೇ ಮನೇಲಿ ಅಣ್ಣ ಕೆಂಪು ತಮ್ಮ ನೀಲಿ ಇರೋ ಊರು ಅದು.

ಈಗ ಊಟದ ಕಥೆ. ಒಟ್ಟಿಗೆ ಸೇರೋದಾದ್ರೆ ಯಾವುದಾದ್ರೂ ಒಂದು ಚರ್ಚಲ್ಲಿ ಕೂತು ಪೂಜೆ ಮಾಡಿ ಮುಗಿಸಬಹುದಲ್ವಾ, ಬೀದೀಲಿ ಯಾಕೆ ನಡೀಬೇಕು? ಯಾಕಂದ್ರೆ ಕ್ರೈಸ್ತರ ಪೂಜೆಯ ನಡುಮನೆ ಅಂದ್ರೆ ಒಂದು ಊಟ. ರೊಟ್ಟಿ ಮತ್ತು ದ್ರಾಕ್ಷಾರಸ. ನಮ್ಮ ಕ್ಯಾಥೊಲಿಕರು ಪರಮಪ್ರಸಾದ ಅಂತಾರೆ, ಪ್ರಾಟೆಸ್ಟೆಂಟರು ಕರ್ತನ ಭೋಜನ ಅಂತಾರೆ. ಕ್ಯಾಥೊಲಿಕ್ ನಂಬಿಕೆ ಪ್ರಕಾರ ಆ ರೊಟ್ಟಿ ನಿಜವಾಗ್ಲೂ ಕ್ರಿಸ್ತನ ಶರೀರ ಆಗುತ್ತೆ, ಅದಕ್ಕೆ ಸರಿಯಾದ ದೀಕ್ಷೆ ಪಡೆದ ಪಾದ್ರಿ ಬೇಕು, ಆ ದೀಕ್ಷೆ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಕಡಿಯದೆ ಬಂದಿರಬೇಕು. 1896ರಲ್ಲಿ ಪೋಪ್ ಹದಿಮೂರನೇ ಲಿಯೋ ಆಂಗ್ಲಿಕನ್ ಪಾದ್ರಿಗಳ ದೀಕ್ಷೆ ಪೂರ್ತಿ ಅಸಿಂಧು ಅಂತ ತೀರ್ಪು ಕೊಟ್ಟುಬಿಟ್ರು, ಅದನ್ನ ಇವತ್ತಿಗೂ ವಾಪಸ್ ತಗೊಂಡಿಲ್ಲ. ಹಾಗಾಗಿ ಸಾಮಾನ್ಯವಾಗಿ ಕ್ಯಾಥೊಲಿಕ್ ಪೂಜೇಲಿ ಬೇರೆ ಪಂಗಡದೋರಿಗೆ ಪರಮಪ್ರಸಾದ ಕೊಡಲ್ಲ, ಕ್ಯಾಥೊಲಿಕರು ಬೇರೆಯೋರ ಹತ್ರ ತಗೊಳ್ಳಂಗಿಲ್ಲ. ಆಂಗ್ಲಿಕನ್ನರು ಮಾತ್ರ 1972ರಿಂದ ತಮ್ಮ ಚರ್ಚಲ್ಲಿ ಪರಮಪ್ರಸಾದ ತಗೊಳ್ಳೋ ಬೇರೆ ಪಂಗಡದ ಕ್ರೈಸ್ತರಿಗೂ ಬನ್ನಿ ಅಂತಾರೆ. ಒಂದು ಮನೇಲಿ ಎಲ್ಲರೂ ಬನ್ನಿ ಊಟ ಮಾಡಿ, ಇನ್ನೊಂದು ಮನೇಲಿ ಒಳಗೆ ಬನ್ನಿ ಕೂತ್ಕೊಳ್ಳಿ ಮಾತಾಡೋಣ ಆದ್ರೆ ಎಲೆ ಹಾಕೋಕಾಗಲ್ಲ.

ನಮಗೆ ಇದು ಬೇಗ ಅರ್ಥ ಆಗುತ್ತೆ ಅನ್ಸುತ್ತೆ. ಪಂಕ್ತಿ ಅನ್ನೋ ಪದ ಇರೋ ಭಾಷೆ ನಮ್ಮದು. ಯಾರ ಜೊತೆ ಕೂತು ಉಣ್ಣಬಹುದು ಯಾರ ಜೊತೆ ಆಗಲ್ಲ ಅನ್ನೋದರ ಮೇಲೆ ನಮ್ಮಲ್ಲಿ ಎಷ್ಟು ಗಲಾಟೆ ಆಗಿದೆ, ಸಹಪಂಕ್ತಿ ಭೋಜನ ಅಂತ ಚಳವಳಿಗಳೇ ನಡೆದಿವೆ. ವ್ಯತ್ಯಾಸ ಏನಂದ್ರೆ ಕ್ಯಾಥೊಲಿಕರು ನೀವು ಕೀಳು ಅಂತ ಹೇಳ್ತಿಲ್ಲ, ಒಂದೇ ಎಲೆಯ ಊಟ ಅಂದ್ರೆ ನಂಬಿಕೆ ಪೂರ್ತಿ ಒಂದಾಗಿದೆ ಅಂತ ಅರ್ಥ, ಅದು ಇನ್ನೂ ಆಗಿಲ್ಲವಲ್ಲ, ಆಗದೇ ಇರೋದನ್ನ ಆಗಿದೆ ಅಂತ ನಟಿಸೋದು ಬೇಡ ಅಂತಾರೆ. ಆ ಕಡೆಯೋರು, ಊಟದಿಂದಲೇ ಒಂದಾಗ್ತೀವಿ, ಒಂದಾದ ಮೇಲೆ ಊಟ ಅಂದ್ರೆ ಯಾವ ಕಾಲಕ್ಕೆ ಅಂತಾರೆ. ಎರಡು ವಾದದಲ್ಲೂ ಹುರುಳಿದೆ, ನನಗೆ ಮನಸ್ಸು ಎರಡನೇ ಕಡೆ ವಾಲುತ್ತೆ ನಿಜ, ಆದ್ರೆ ಮೊದಲನೇದನ್ನ ಬರೀ ಮಡಿವಂತಿಕೆ ಅಂತ ತಳ್ಳಿಹಾಕೋಕೂ ಆಗಲ್ಲ.

ಹೀಗಾಗಿ ಮೇಜಿನ ಸುತ್ತ ಕೂರೋಕೆ ಆಗದೋರು ರಸ್ತೇಲಿ ಒಟ್ಟಿಗೆ ನಡೀತಾರೆ. ರಸ್ತೇಲಿ ನಡೆಯೋಕೆ ಯಾವ ದೀಕ್ಷೆನೂ ಬೇಡ. ಈ ಯಾತ್ರೆಯ ದಿನ ಇರೋದು ಹಾಡು, ಬೈಬಲ್ ಓದು, ಪ್ರಾರ್ಥನೆ, ಪ್ರಸಂಗ, ಅಷ್ಟರಲ್ಲಿ ಯಾರಿಗೂ ಯಾವ ನಿಯಮವೂ ಮುರಿಯಲ್ಲ. ಎರಡನೇದು, ಇದರಲ್ಲಿ ಅತಿಥಿ ಯಾರು ಮನೆಯೋರು ಯಾರು ಅನ್ನೋದು ಅರ್ಧ ದಾರೀಲಿ ಅದಲುಬದಲಾಗುತ್ತೆ. ಶುರುವಾಗೋವಾಗ ಬಾಗಿಲಲ್ಲಿ ನಿಂತು ಸ್ವಾಗತ ಮಾಡಿದೋರು ಮುಗಿಯೋ ಹೊತ್ತಿಗೆ ಇನ್ನೊಬ್ಬರ ಬಾಗಿಲಲ್ಲಿ ಒಳಗೆ ಬರಲಾ ಅಂತ ನಿಂತಿರ್ತಾರೆ. ಒಂದೇ ಕಟ್ಟಡದಲ್ಲಿ ಮಾಡಿದ್ರೆ ಒಬ್ಬರು ಯಾವಾಗ್ಲೂ ಯಜಮಾನರೇ, ಇನ್ನೊಬ್ಬರು ಯಾವಾಗ್ಲೂ ನೆಂಟರೇ. ಮೂರನೇದು, ನನಗೆ ಇದೇ ಮುಖ್ಯ ಅನ್ಸೋದು, ಬ್ಯಾನರ್ ಹಿಡ್ಕೊಂಡು ಹಾಡು ಹೇಳ್ಕೊಂಡು ಬೀದೀಲಿ ನಡೆಯೋದು ಈ ಊರಿಗೆ ರಕ್ತದಲ್ಲೇ ಇದೆ. ಕಲ್ಲು ತೂರಿಸ್ಕೊಂಡಿದ್ದೂ ಮೆರವಣಿಗೇಲೇ, ತೂರಿದ್ದೂ ಮೆರವಣಿಗೇಲೇ. ಅದೇ ಅಭ್ಯಾಸ ಇಟ್ಕೊಂಡು ಹೋಗೋ ದಿಕ್ಕು ಮಾತ್ರ ಬದಲಾಯಿಸಿದ್ರು. ಹಳೇ ಮೆರವಣಿಗೆ ನಮ್ಮ ಬೀದಿ ಇದು ಅಂತ ತೋರಿಸೋಕೆ ಆಗ್ತಿತ್ತು, ಇದು ಇನ್ನೊಬ್ಬರ ಮನೆ ತನಕ ಹೋಗೋಕೆ ಆಗುತ್ತೆ.

ಬೀದಿ ಮಧ್ಯೆ ಈಗ ಶೆಪರ್ಡ್ ಮತ್ತು ವೊರ್ಲಾಕ್ ಅವರ ಕಂಚಿನ ಶಿಲ್ಪ ಇದೆ, ಸ್ಟೀಫನ್ ಬ್ರಾಡ್‌ಬೆಂಟ್ ಮಾಡಿದ್ದು, 2008ರಲ್ಲಿ ಅನಾವರಣ ಆಯ್ತು, ಊರ ಜನ ಚಂದಾ ಹಾಕಿ ಮಾಡಿಸಿದ್ದು, ಎರಡು ದೊಡ್ಡ ಬಾಗಿಲುಗಳ ಥರ ಎದ್ದು ನಿಂತಿದೆ. ಶಿಕ್ಷಣದಲ್ಲೂ ಅದೇ ಗಾಳಿ, ಒಂದು ಆಂಗ್ಲಿಕನ್ನು ಎರಡು ಕ್ಯಾಥೊಲಿಕ್ ಟೀಚರ್ಸ್ ಟ್ರೈನಿಂಗ್ ಕಾಲೇಜುಗಳು ಒಂದಾಗಿ ಈಗ ಲಿವರ್‌ಪೂಲ್ ಹೋಪ್ ಯೂನಿವರ್ಸಿಟಿ ಆಗಿದೆ, ಹೆಸರು ಇದೇ ಬೀದಿಯಿಂದ ಬಂದಿದ್ದು. 2005ರಲ್ಲಿ ಎರಡೂ ಚರ್ಚ್‌ಗಳು ಸೇರಿ ಒಂದು ಹೈಸ್ಕೂಲೂ ಶುರು ಮಾಡಿದ್ರು.

ಎಲ್ಲಾ ಸರಿಹೋಯ್ತು ಅಂತಲ್ಲ. ಆರೆಂಜ್ ಲಾಡ್ಜಿನ ಮೆರವಣಿಗೆ ಈಗ್ಲೂ ಜುಲೈನಲ್ಲಿ ಆಗುತ್ತೆ, ಡೋಲು ಈಗ್ಲೂ ಕೇಳುತ್ತೆ, ಕಲ್ಲು ಹಾರೋ ಬಿಸಿ ಮಾತ್ರ ಇಲ್ಲ. ಮತ್ತೆ ಈ ಊರಿನ ಎಲ್ಲಾ ಬಿರುಕೂ ಚರ್ಚಿನದ್ದಲ್ಲ, ಟಾಕ್ಸ್‌ಟೆತ್‌ನ ಕಪ್ಪು ಜನರ ಸಿಟ್ಟಿಗೆ ಎರಡು ಕೆಥೆಡ್ರಲ್ ಮಧ್ಯೆ ನಡೆದ್ರೆ ಉತ್ತರ ಸಿಗಲ್ಲ. ಚರ್ಚಿಗೆ ಹೋಗೋರೇ ಕಡಿಮೆ ಆಗಿರೋ ಕಾಲದಲ್ಲಿ ಚರ್ಚ್‌ಗಳು ಒಂದಾಗೋದು ಸುಲಭ ಬಿಡಿ ಅಂತ ಕೊಂಕು ತೆಗೆಯೋರೂ ಇದ್ದಾರೆ, ಅದನ್ನ ಪೂರ್ತಿ ಅಲ್ಲಗಳೆಯೋಕೂ ಆಗಲ್ಲ.

ಈ ಯಾತ್ರೇಲಿ ನನಗೆ ಎಲ್ಲರಿಗಿಂತ ಹೆಚ್ಚು ಕುತೂಹಲ ಇರೋದು ಬಿಷಪ್‌ಗಳ ಮೇಲಲ್ಲ, ಒಬ್ಬರು ಕ್ಯಾಥೊಲಿಕ್ ಒಬ್ಬರು ಆಂಗ್ಲಿಕನ್ ಆಗಿರೋ ಗಂಡ ಹೆಂಡತಿ ಮೇಲೆ. ಮದುವೆ ನಿಯಮ 1970ರಲ್ಲಿ ಸಡಿಲ ಆಯ್ತು, ಅಂಥ ಸಂಸಾರಗಳು ಆ ಊರಲ್ಲಿ ಈಗ ಮಾಮೂಲು. ಪೆಂತೆಕೋಸ್ತ್ ದಿನ ಅವರು ಹೋಪ್ ಸ್ಟ್ರೀಟ್ ಉದ್ದಕ್ಕೂ ಕೈ ಕೈ ಹಿಡ್ಕೊಂಡು ಹೋಗಬಹುದು, ಎರಡೂ ಬಾಗಿಲು ಇಬ್ಬರಿಗೂ ತೆರೆದಿರುತ್ತೆ. ಮುಂದಿನ ಭಾನುವಾರ ಅದೇ ಜೋಡಿ ಕ್ಯಾಥೊಲಿಕ್ ಪೂಜೆಗೆ ಹೋದ್ರೆ ಪರಮಪ್ರಸಾದದ ಹೊತ್ತಿಗೆ ಇಬ್ಬರೂ ಒಂದೇ ಸಾಲಲ್ಲಿ ಎದ್ದು ಹೋಗ್ತಾರೆ, ಪಾದ್ರಿ ಮುಂದೆ ಒಬ್ಬರು ಕೈ ಚಾಚ್ತಾರೆ, ರೊಟ್ಟಿ ಸಿಗುತ್ತೆ, ಹಿಂದೆ ನಿಂತಿರೋರು ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಕೊಳ್ತಾರೆ, ಅಂದ್ರೆ ನನಗೆ ಬರೀ ಆಶೀರ್ವಾದ ಸಾಕು ಅಂತ ಅರ್ಥ, ಪಾದ್ರಿ ಆಶೀರ್ವಾದ ಮಾಡ್ತಾರೆ, ಇಬ್ಬರೂ ವಾಪಸ್ ಬಂದು ಅದೇ ಬೆಂಚಲ್ಲಿ ಪಕ್ಕಪಕ್ಕ ಕೂತ್ಕೊಳ್ತಾರೆ.